ಕಳಿಸದ ಸಾಲನ್ನು ಓದಿದವನು

ಗುಬ್ಬಿ ಗಂಡನ ಮನೆ ಬಿಟ್ಟು ಅಕ್ಕನ ಮನೆಗೆ ಬಂದಾಗ ಅವಳ ಕೈಯಲ್ಲಿ ಒಂದೇ ಒಂದು ಬಟ್ಟೆಯ ಚೀಲವಿತ್ತು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ, ಕಂಬಳಿ ಸುತ್ತಿದ ಕಂಪ್ಯೂಟರ್ ಕುಳಿತಿತ್ತು. ಪಾತ್ರೆಪಗಡ, ಪುಸ್ತಕ, ಹೊಸ ಬೂಟು ಎಲ್ಲ ಅಲ್ಲೇ ಉಳಿದವು. ಕಂಪ್ಯೂಟರ್ ಬಿಟ್ಟು ಬರುವ ಹಾಗಿರಲಿಲ್ಲ, ಅದು ಅವಳ ಹೊಟ್ಟೆಪಾಡು. ಬೀಜದ ಪೊಟ್ಟಣಗಳ ಮೇಲೆ ಮೂಲಂಗಿ, ಬದನೆ, ಕ್ಯಾರೆಟ್ಟುಗಳ ಚಿತ್ರ ಇರುತ್ತದಲ್ಲ, ಅದನ್ನು ಬರೆಯುವವಳು ಅವಳು. ಮಣ್ಣಿಂದ ಆಗಷ್ಟೇ ಕಿತ್ತ ಹಾಗೆ ಕಾಣುವ ಮೂಲಂಗಿ ಬರೆಯುವುದರಲ್ಲಿ ಎತ್ತಿದ ಕೈ.

ಅಕ್ಕನದು ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಅಲ್ಲಿ ಅಕ್ಕ ಮತ್ತು ಅಮ್ಮ ಇದ್ದರು. ಅಕ್ಕ ಮದುವೆಯ ಗೋಜಿಗೆ ಹೋದವಳಲ್ಲ. "ಬೇರೆಯವರ ಕಣ್ಣು ನೋಡಿ ನೋಡಿ ಸಾಕಾಗಿದೆ, ಮನೇಲೂ ಒಂದು ಜೊತೆ ಯಾಕೆ?" ಎನ್ನುತ್ತಿದ್ದಳು. ಕಿಟಕಿಯ ಪಕ್ಕದ ಮೇಜನ್ನು ತಂಗಿಗೆ ಬಿಟ್ಟುಕೊಟ್ಟಳು. ಯಾಕೆ ಬಂದೆ ಎಂದು ಕೇಳಲಿಲ್ಲ. ಗುಬ್ಬಿಯೇ ಮೂರನೆಯ ದಿನ ತಟ್ಟೆ ತೊಳೆಯುತ್ತ ಹೇಳಿದಳು.

"ಹೊಡೆದಿಲ್ಲ ಅಕ್ಕಾ, ಬೈದೂ ಇಲ್ಲ. ಆದ್ರೆ ಎಲ್ಲಿಗೆ ಹೋದೆ, ಯಾರ ಜೊತೆ ಮಾತಾಡ್ದೆ, ಯಾಕೆ ನಕ್ಕೆ, ಎಲ್ಲಾ ಹೇಳ್ಬೇಕಿತ್ತು. ಒಂದು ದಿನ ಅಂಗಡೀಲಿ ಬ್ರೆಡ್ ತಗೊಳ್ಳೋವಾಗ, ಇವತ್ತು ಏನಂತ ವರದಿ ಒಪ್ಪಿಸ್ಲಿ ಅಂತ ಯೋಚಿಸ್ತಾ ನಿಂತ್ಬಿಟ್ಟೆ. ಹಿಂದಿನವರು ತಳ್ಳಿದ್ಮೇಲೇ ಎಚ್ಚರ ಆಗಿದ್ದು."

ಗಂಡ ಬಸ್ ಕಂಪನಿಯಲ್ಲಿ ವೇಳಾಪಟ್ಟಿ ಮಾಡುವವನು. ಯಾವ ಬಸ್ಸು ಯಾವ ಹೊತ್ತಿನಲ್ಲಿ ಎಲ್ಲಿರಬೇಕು ಎಂದು ಗೊತ್ತುಮಾಡುವುದು ಅವನ ಕೆಲಸ. ಮಾತು ಮೆತ್ತಗೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅಮ್ಮನಿಗೆ ಅವನೆಂದರೆ ಪಂಚಪ್ರಾಣ. ಅವಳ ಹಳೆಯ ರೇಡಿಯೋ ಸರಿಮಾಡಿಕೊಟ್ಟಿದ್ದ, ಕಿವಿಯ ಯಂತ್ರಕ್ಕೆ ಬ್ಯಾಟರಿ ಹುಡುಕಿ ತಂದಿದ್ದ. ಮಗಳು ಬಿಟ್ಟು ಬಂದ ಮೇಲೂ ಅವನು ವಾರಕ್ಕೊಮ್ಮೆ ಅತ್ತೆಗೆ ಫೋನು ಮಾಡುತ್ತಿದ್ದ. ಅಮ್ಮ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಮಾತಾಡುತ್ತಿದ್ದಳು.

ಬಂದವಳೇ ಗುಬ್ಬಿ ಮಾಡಬೇಕಾದ್ದನ್ನೆಲ್ಲ ಮಾಡಿದ್ದಳು. ಫೋನನ್ನು ಗಂಡನ ಮನೆಯಲ್ಲೇ ಬಿಟ್ಟು ಹೊಸದು ತೆಗೆದುಕೊಂಡಳು. ಮೇಜಿನ ಮುಂದೆ ಕೂತು ಮೇಲ್, ಬ್ಯಾಂಕು, ಎಲ್ಲದರ ಪಾಸ್‌ವರ್ಡ್ ಬದಲಾಯಿಸಿದಳು. ಆಮೇಲೆ ಬಾಡಿಗೆಗೆ ಒಂದು ಕೋಣೆ ಹುಡುಕತೊಡಗಿದಳು.

ಮೊದಲ ಕೋಣೆ ನೋಡಲು ಹೋದ ದಿನ, ಆ ಬೀದಿಯ ತಿರುವಿನಲ್ಲಿ ಗಂಡ ನಿಂತಿದ್ದ. "ಅರೆ, ನೀನಿಲ್ಲಿ?" ಎಂದ. ಹಣ್ಣು ಕೊಳ್ಳಲು ಬಂದಿದ್ದನಂತೆ. ಕೈಯಲ್ಲಿ ಚೀಲವೂ ಇತ್ತು. ಇರಬಹುದು ಎಂದುಕೊಂಡು ಗುಬ್ಬಿ ವಾಪಸು ಬಂದಳು. ಮುಂದಿನ ವಾರ ವಕೀಲರ ಕಚೇರಿಗೆ ಹೋದರೆ, ಮೆಟ್ಟಿಲ ಬುಡದಲ್ಲಿ ಅವನೇ. "ಹಲ್ಲು ನೋವು, ಮೇಲಿನ ಮಹಡಿಯ ಡಾಕ್ಟರನ್ನ ನೋಡೋಕೆ ಬಂದೆ" ಎಂದ. ಕಟ್ಟಡದಲ್ಲಿ ಹಲ್ಲಿನ ಡಾಕ್ಟರು ಇದ್ದದ್ದೇನೋ ನಿಜ. ಆದರೆ ಮೆಟ್ಟಿಲು ಹತ್ತುವಾಗ ಅವನು ಹಿಂದಿನಿಂದ ಹೇಳಿದ ಮಾತಿಗೆ ಅವಳು ಅಲ್ಲೇ ನಿಂತಳು.

"ಆ ಹಳದಿ ಗೋಡೆಯ ಕೋಣೆ ಬೇಡ. ರಸ್ತೆ ಕಡೆಗಿದೆ, ನಿನಗೆ ನಿದ್ದೆ ಬರಲ್ಲ."

ಹಳದಿ ಗೋಡೆಯ ಕೋಣೆಯನ್ನು ಅವಳು ಇನ್ನೂ ನೋಡಿರಲೇ ಇಲ್ಲ. ಚಿತ್ರ ಮಾತ್ರ ನೋಡಿದ್ದಳು. ಅದರ ಬಗ್ಗೆ ಊಟದ ಹೊತ್ತಿನಲ್ಲಿ ಅಕ್ಕ ಮತ್ತು ಅಮ್ಮನ ಎದುರು ಹೇಳಿದ್ದಳು.

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಯಾರು ಎಂದು ಯೋಚಿಸುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಅಂದು ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು ಮೇಲೆ ಬಂದಳು. ಅಮ್ಮ ಬಟಾಣಿ ಸುಲಿಯುತ್ತಿದ್ದಳು.

"ಅಮ್ಮಾ, ಅವನಿಗೆ ಎಲ್ಲಾ ಹೇಳ್ತಿದ್ದೀಯಾ ನೀನು?"

"ಯಾರಿಗೆ?"

"ನಿನ್ನ ಮುದ್ದಿನ ಅಳಿಯಂಗೆ. ಗುಬ್ಬಿ ಎಲ್ಲಿಗೆ ಹೋಗ್ತಾಳೆ, ಯಾವ ಕೋಣೆ ನೋಡ್ತಾಳೆ, ಎಲ್ಲಾ."

ಅಮ್ಮ ಬಟಾಣಿಯ ಸಿಪ್ಪೆಯನ್ನು ಕೆಳಗಿಟ್ಟಳು. "ಅವನು ನನ್ನ ಬೆನ್ನು ನೋವು ಕೇಳ್ತಾನೆ, ನಾನು ಅವನ ಊಟ ಕೇಳ್ತೀನಿ. ನನ್ನ ಮಗಳ ವಿಷಯ ಯಾಕೆ ಹೇಳ್ಲಿ?"

"ಹಾಗಾದ್ರೆ ಗೋಡೆ ಹೇಳ್ತಾ? ಮಾತಾಡೋಕೆ ಬಾಲ್ಕನಿಗೇ ಯಾಕೆ ಹೋಗ್ಬೇಕು?"

"ಒಳಗೆ ಸಿಗ್ನಲ್ ಸಿಗಲ್ಲ ಕಣೇ."

ಅಕ್ಕ ಕೈ ಚಾಚಿದಳು. "ಫೋನ್ ಕೊಡು."

ಅಮ್ಮ ಬಟಾಣಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಜಗಳಕ್ಕೆ ನಿಂತರೆ ಬಿಡುವ ಹೆಂಗಸಲ್ಲ ಅವಳು. ಆದರೆ ಅಂದು ಜಗಳವಾಡಲಿಲ್ಲ. ಫೋನನ್ನು ಸೆರಗಂಚಿನಿಂದ ಒರೆಸಿ ಕೊಟ್ಟಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಹಾಕು, ಎಮ್ಮೆ ಇಲ್ಲೇ ಕೂತಿದೆ," ಎಂದು ಮತ್ತೆ ಬಟಾಣಿಗೆ ಕೈ ಹಾಕಿದಳು. ಆಮೇಲೆ ಅಕ್ಕನ ಜೊತೆ ಮಾತು ನಿಂತಿತು. ಊಟಕ್ಕೆ ಕರೆದರೆ, "ನೀವಿಬ್ರೂ ಮಾಡಿ. ನಾನಿದ್ರೆ ನಿಮಗೆ ಮಾತಾಡೋಕೆ ಕಷ್ಟ" ಎನ್ನುವಳು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಉಣ್ಣುವಳು.

ಅಕ್ಕ ಫೋನನ್ನು ಅಂಗಡಿಯ ಡ್ರಾಯರಿನಲ್ಲಿ, ಕನ್ನಡಕದ ಡಬ್ಬಗಳ ಜೊತೆ ಇಟ್ಟಳು. ಮನಸ್ಸಿಗೆ ಕಸಿವಿಸಿ ಆಗದೆ ಇರಲಿಲ್ಲ. ಆದರೆ ತಂಗಿಯ ಕ್ಷೇಮದ ಪ್ರಶ್ನೆ ಎಂದು ಸಮಾಧಾನ ಮಾಡಿಕೊಂಡಳು.

ಗುಬ್ಬಿ ಮತ್ತೊಂದು ಕೋಣೆ ಹುಡುಕಿದಳು. ಈ ಸಲ ಅಮ್ಮನಿಗೆ ಸುಳಿವೇ ಇಲ್ಲ. ಮನೆಯ ಯಜಮಾನಿಗೆ ಮೇಲ್ ಬರೆದಳು, ಅಂಗಡಿಗೆ ಇಳಿದು ಬಂದು ಅಕ್ಕನ ಕಿವಿಯಲ್ಲಿ ವಿಳಾಸ ಹೇಳಿದಳು. ಹೋಗಿ ನೋಡಿದರೆ ಗಂಡ ಆಗಲೇ ಅಲ್ಲಿ ಕೂತು ಯಜಮಾನಿಯ ಜೊತೆ ಚಹಾ ಕುಡಿಯುತ್ತಿದ್ದ. ಹೆಂಡತಿಯ ಪರವಾಗಿ ಕೋಣೆ ನೋಡಲು ಬಂದಿರುವುದಾಗಿ ಹೇಳಿದ್ದ. ಯಜಮಾನಿ ನಗುತ್ತ, "ಎಷ್ಟು ಒಳ್ಳೆಯ ಗಂಡ!" ಎಂದಳು.

ಗುಬ್ಬಿ ಬಸ್ಸು ಹತ್ತದೆ, ಊರೆಲ್ಲ ಸುತ್ತಿ ನಡೆದೇ ಮನೆಗೆ ಬಂದಳು. ಅಕ್ಕ ಗಿರಾಕಿಯೊಬ್ಬರ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತಿದ್ದಳು. ಅವರು ಹೋಗುವವರೆಗೂ ಗುಬ್ಬಿ ಕನ್ನಡಿಯ ಪಕ್ಕ ನಿಂತಿದ್ದಳು. ಆಮೇಲೆ ಹೇಳಿದಳು.

"ಅಕ್ಕಾ, ಈ ಸಲ ನಿನಗೆ ಮಾತ್ರ ಗೊತ್ತಿತ್ತು."

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಸಣ್ಣ ತಿರುಪು ಜಾರಿ ನೆಲಕ್ಕೆ ಬಿತ್ತು. "ನಾನಾ? ನಾನು ಯಾಕೇ..." ಎಂದಳು. ತಾನು ಅಮ್ಮನ ಮುಂದೆ ನಿಂತದ್ದು, ಕೈ ಚಾಚಿದ್ದು ಕಣ್ಣಿಗೆ ಕಟ್ಟಿತು. ಅಮ್ಮನ ಬಳಿ ಫೋನೇ ಇರಲಿಲ್ಲ. ವಿಳಾಸವೂ ಗೊತ್ತಿರಲಿಲ್ಲ. ಹಾಗಿದ್ದರೆ ಹಿಂದಿನದ್ದೆಲ್ಲ ಯಾರು ಹೇಳಿದ್ದು?

"ನಾನು ಹೇಳಿಲ್ಲ ಗುಬ್ಬಿ," ಎಂದಳು ಕೊನೆಗೆ. "ಅಮ್ಮನೂ ಹೇಳಿರಲಿಲ್ಲ."

ಇಬ್ಬರೂ ನೆಲದ ಮೇಲೆ ಕೂತು ತಿರುಪು ಹುಡುಕಿದರು. ಸಿಗಲಿಲ್ಲ.

ಮಾರನೆಯ ದಿನ ಕಂಪ್ಯೂಟರ್ ರಿಪೇರಿಯಾಕೆ ಕನ್ನಡಕಕ್ಕೆಂದು ಬಂದಳು. ಎರಡು ಬೀದಿ ಆಚೆ ಅವಳ ಅಂಗಡಿ. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ. ಹತ್ತಿರದ್ದು ಕಾಣುತ್ತಿರಲಿಲ್ಲ ಅವಳಿಗೆ, ಆದರೆ ಒಪ್ಪಿಕೊಳ್ಳಲು ನಾಚಿಕೆ. ಅಕ್ಕ ಗಾಜು ಬದಲಿಸುತ್ತ ಅಕ್ಷರ ಓದಿಸುತ್ತಿದ್ದಳು. ಎದೆಯಲ್ಲಿ ತುಂಬಿದ್ದು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು.

ರಿಪೇರಿಯಾಕೆ ಅಕ್ಷರ ಓದುವುದನ್ನು ನಿಲ್ಲಿಸಿದಳು. "ಆ ಕಂಪ್ಯೂಟರನ್ನ ಮೊದಲು ಸೆಟ್ ಮಾಡಿದ್ದು ಯಾರು?"

"ಅವನೇ. ನಿಧಾನ ಆಗಿದೆ, ಸರಿಮಾಡ್ತೀನಿ ಅಂತ ಆಗಾಗ ಕೂರ್ತಿದ್ದನಂತೆ."

"ಪಾಸ್‌ವರ್ಡ್ ಎಲ್ಲಾ ಬದಲಾಯಿಸಿದ್ದಾರೆ ಅಂದ್ರಲ್ಲ, ಯಾವುದರಲ್ಲಿ ಕೂತು ಬದಲಾಯಿಸಿದ್ರು?"

"ಅದರಲ್ಲೇ."

"ಕಳ್ಳನ್ನ ಪಕ್ಕದಲ್ಲೇ ಕೂರಿಸ್ಕೊಂಡು ಬೀಗ ಬದಲಾಯಿಸಿದ ಹಾಗಾಯ್ತು," ಎಂದಳು ಆಕೆ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಒತ್ತಿದ ಕೀಲಿ ಕೀಲಿಯನ್ನೂ ಬರೆದಿಟ್ಕೊಳ್ಳೋ ಪ್ರೋಗ್ರಾಂ ಇರ್ತಾವೆ. ಪರದೆಯ ಫೋಟೋ ತೆಗೆದು ಕಳಿಸ್ತಾ ಇರ್ತಾವೆ. ಗೂಢಚಾರನ ಕೆಲಸ. ಇದೆ ಅಂತ ನಾನು ಹೇಳ್ತಿಲ್ಲ, ನೋಡಿಲ್ಲವಲ್ಲ. ಆದ್ರೆ ಒಂದು ಮಾತು ಮೇಡಂ, ಮನೆಗೆ ಹೋಗಿ ಅದನ್ನ ಕೆದಕಬೇಡಿ. ಕಂಡುಹಿಡಿಯೋದು ಹೇಗೆ ಅಂತ ಅದರಲ್ಲೇ ಹುಡುಕಬೇಡಿ. ಅದನ್ನೂ ಅವನು ಓದ್ತಾನೆ."

"ಮತ್ತೆ ಏನ್ ಮಾಡೋದು?"

"ಮೊದಲು ಖಾತ್ರಿ ಮಾಡ್ಕೊಳ್ಳಿ. ಬಾಯಲ್ಲಿ ಯಾರಿಗೂ ಹೇಳದ ಒಂದು ವಿಷಯ ಅದರಲ್ಲಿ ಟೈಪ್ ಮಾಡ್ಲಿ. ಕಳಿಸೋದು ಬೇಡ. ಟೈಪ್ ಮಾಡಿ ಅಳಿಸಿಬಿಡ್ಲಿ. ಮೇಲ್ ಕದ್ದು ಓದ್ತಿರೋನಿಗೆ ಕಳಿಸದ ಕಾಗದ ಸಿಗಲ್ಲ. ಕೀಲಿ ಎಣಿಸ್ತಿರೋನಿಗೆ ಸಿಗುತ್ತೆ. ಜನ ಓಡಾಡೋ ಜಾಗ ಬರೀಲಿ. ಅಲ್ಲಿಗೆ ಅವರು ಮಾತ್ರ ಹೋಗೋದು ಬೇಡ."

ಗುಬ್ಬಿಯನ್ನು ಅಂಗಡಿಯ ಹಿಂದಿನ ಗಾಜು ಉಜ್ಜುವ ಕೋಣೆಗೆ ಕರೆದು, ಕಂಪ್ಯೂಟರಿಗೆ ಕಿವಿಯೂ ಇದ್ದೀತೆಂದು ಯಂತ್ರ ಚಾಲೂ ಮಾಡಿ, ಅದರ ಗದ್ದಲದ ನಡುವೆ ಅಕ್ಕ ಇದನ್ನೆಲ್ಲ ಹೇಳಿದಳು. ಗುಬ್ಬಿ ಮೇಲೆ ಹೋಗಿ ಬದನೆಕಾಯಿಯ ತೊಟ್ಟಿಗೆ ಬಣ್ಣ ತುಂಬುತ್ತ ಸ್ವಲ್ಪ ಹೊತ್ತು ಕೂತಳು. ಆಮೇಲೆ ಹಳೆಯ ಗೆಳತಿಗೆಂದು ಮೇಲ್ ತೆರೆದು ಬರೆದಳು: "ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ರೈಲು ನಿಲ್ದಾಣದ ಹೂವಿನಂಗಡಿ ಹತ್ತಿರ ಸಿಗು. ಊರು ಬಿಡೋ ವಿಷಯ ಮಾತಾಡ್ಬೇಕು." ಒಮ್ಮೆ ಓದಿ, ಅಕ್ಷರ ಅಕ್ಷರವಾಗಿ ಅಳಿಸಿದಳು.

ಅಕ್ಕ ಆ ಸಂಜೆ ಅಡುಗೆಮನೆಗೆ ಹೋಗಿ ಅಮ್ಮನಿಗೂ ಹೇಳಿದಳು. ಕಿವಿಯ ಯಂತ್ರದ ಹತ್ತಿರ ಬಾಯಿಟ್ಟು ಹೇಳಬೇಕಾಯಿತು. ಅಮ್ಮ ಎಲ್ಲ ಕೇಳಿ ಒಂದೇ ಮಾತು ಅಂದಳು: "ನಾನೂ ಬರ್ತೀನಿ."

"ನೀನ್ಯಾಕಮ್ಮಾ?"

"ಆಪಾದನೆ ಬಂದಿದ್ದು ನನ್ನ ಮೇಲೆ. ತೀರ್ಪಿನ ಹೊತ್ತಿಗೆ ನಾನಿರಬೇಡ್ವಾ?"

ಮರುದಿನ ಗುಬ್ಬಿ ರಿಪೇರಿಯಾಕೆಯ ಅಂಗಡಿಯಲ್ಲಿ ಉಳಿದಳು. ಅಕ್ಕ, ಅಮ್ಮ ನಿಲ್ದಾಣದ ಕಾಯುವ ಕೋಣೆಯ ಗಾಜಿನ ಹಿಂದೆ ಕೂತರು. ಪ್ರಯಾಣಿಕರು ಪೆಟ್ಟಿಗೆ ಎಳೆಯುತ್ತ ಹೋಗುತ್ತಿದ್ದರು. ಹೂವಿನಂಗಡಿಯವನು ಬಕೆಟ್ಟುಗಳಿಗೆ ನೀರು ತುಂಬುತ್ತಿದ್ದ. ಬಹಳ ಹೊತ್ತು ಯಾರೂ ಬರಲಿಲ್ಲ. ಇದೆಲ್ಲ ನಮ್ಮ ಭ್ರಮೆಯೇನೋ ಎಂದು ಅಕ್ಕನಿಗೆ ಅನಿಸತೊಡಗಿತು. ಬರದಿದ್ದರೆ ಸಾಕು ಎಂದು ಕೂಡ ಅನಿಸಿತು. ಅಷ್ಟರಲ್ಲಿ ಅಮ್ಮ ಅವಳ ಮೊಣಕೈ ಹಿಡಿದಳು.

ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಹೂವಿನಂಗಡಿಯ ಪಕ್ಕದ ಕಂಬದ ಮರೆಗೆ ನಿಂತ. ಬರುವ ಹೋಗುವ ಹೆಂಗಸರ ಮುಖ ನೋಡುತ್ತಿದ್ದ. ಮಧ್ಯೆ ಒಮ್ಮೆ ಅವನ ತುಟಿ ಅಲುಗಿತು, ಹುಬ್ಬು ಮೇಲೇರಿತು, ನಗು ಬಂತು, ಹೋಯಿತು. ಯಾರೂ ಎದುರಿಗಿರಲಿಲ್ಲ. "ಅರೆ, ನೀನಿಲ್ಲಿ?" ಎನ್ನುವ ಮಾತನ್ನು ಅಭ್ಯಾಸ ಮಾಡುತ್ತಿದ್ದಾನೆ ಎಂದು ಅಕ್ಕನಿಗೆ ಹೊಳೆಯಿತು.

ಅಮ್ಮ ಗಾಜಿನ ಹತ್ತಿರಕ್ಕೆ ಬಾಗಿದಳು. "ನನ್ನ ಬೆನ್ನು ನೋವು ಕೇಳ್ತಿದ್ದೋನು ಇವನೇನಾ?" ಎಂದಳು. ಕರ್ಚೀಫು ತೆಗೆದಳು, ಆದರೆ ಕಣ್ಣಿಗೆ ಒತ್ತಲಿಲ್ಲ. ಮಡಚಿ ಮತ್ತೆ ಚೀಲಕ್ಕೆ ಹಾಕಿದಳು. "ನಡಿ, ಹೋಗೋಣ. ಹಿಂದಿನ ಬಾಗಿಲಿಂದ."

ಆಮೇಲೆ ಕೆಲಸಗಳು ಒಂದರ ಹಿಂದೊಂದು ನಡೆದವು. ಕಂಪ್ಯೂಟರ್ ನೋಡಲು ರಿಪೇರಿಯಾಕೆ ಬರುವ ಮೊದಲು ಗುಬ್ಬಿ ವಕೀಲರನ್ನು ಕಾಣಲು ಹೋದಳು. ಮೇಲ್ ಇಲ್ಲ, ಅಕ್ಕನ ಅಂಗಡಿಯ ಫೋನಿನಿಂದ ಸಮಯ ಕೇಳಿಕೊಂಡಳು. ವಕೀಲರು ವಯಸ್ಸಾದ ಹೆಂಗಸು, ಮಾತು ಕಡಿಮೆ. "ಈಗ ಅದನ್ನ ಕಿತ್ತೆಸೆದ್ರೆ ಅವನಿಗೆ ತಕ್ಷಣ ಗೊತ್ತಾಗುತ್ತೆ, ಪುರಾವೆಯೂ ಹೋಗುತ್ತೆ. ಪೊಲೀಸರು ನಕಲು ತಗೊಳ್ಳೋವರೆಗೂ ಅದು ಇದ್ದ ಹಾಗೇ ಇರ್ಲಿ. ನೀವು ಎಂದಿನಂತೆ ಕೆಲಸ ಮಾಡ್ತಾ ಇರಿ" ಎಂದರು.

ಎಂದಿನಂತೆ ಎನ್ನುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಗುಬ್ಬಿ ಕಿಟಕಿಯ ಪಕ್ಕ ಕೂತು ಕ್ಯಾರೆಟ್ಟಿನ ಬೇರು ಬರೆಯುವಾಗ, ಬೆನ್ನ ಹಿಂದೆ ಯಾರೋ ಉಸಿರಾಡುತ್ತಿರುವ ಹಾಗೆ ಅನಿಸುತ್ತಿತ್ತು. ಬರೆದ ಗೆರೆಯನ್ನೇ ಅಳಿಸಿ ಮತ್ತೆ ಬರೆಯುತ್ತಿದ್ದಳು. ಅಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಪರದೆಯ ಮೇಲಿನ ಕ್ಯಾಮೆರಾಗೆ ಗುಬ್ಬಿ ಕಾಗದ ಅಂಟಿಸಲು ಹೋದರೆ ರಿಪೇರಿಯಾಕೆ ಬೇಡವೆಂದಿದ್ದಳು, ಅನುಮಾನ ಬರುತ್ತದೆಂದು. ಅದಕ್ಕೆ ಅಮ್ಮ ಕ್ಯಾಮೆರಾದ ಎದುರು ನೂಲಿನ ಉಂಡೆಗಳ ಬುಟ್ಟಿ ಇಟ್ಟಳು. ಯಾವ ಮನೆಯಲ್ಲಾದರೂ ಮುದುಕಿಯರು ಇಡುವ ಹಾಗೆ, ಸಹಜವಾಗಿ.

ಒಂದು ದಿನ ಕಾಗದದ ಚೂರಿನ ಮೇಲೆ ಪೆನ್ಸಿಲಿನಲ್ಲಿ ಗೀಚಿ ಮಗಳ ಮುಂದೆ ತಳ್ಳಿದಳು: "ಟೈಪ್ ಮಾಡು. ಅತ್ತೆಗೆ ಬೆನ್ನು ನೋವು ವಾಸಿಯಾಗಿದೆ, ಕೈಗೂ ಶಕ್ತಿ ಬಂದಿದೆ, ಎದುರಿಗೆ ಸಿಕ್ಕರೆ ತೋರಿಸ್ತಾಳೆ ಅಂತ." ಗುಬ್ಬಿಗೆ ಬಾಯಿ ಮುಚ್ಚಿಕೊಂಡು ನಗಬೇಕಾಯಿತು. ಮನೆ ಬಿಟ್ಟು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಟೈಪ್ ಮಾಡಲಿಲ್ಲ, ಅಷ್ಟೇ.

ದೂರು ಕೊಟ್ಟ ಮೇಲೆ, ಪೊಲೀಸ್ ಅಧಿಕಾರಿಯ ಎದುರೇ ರಿಪೇರಿಯಾಕೆ, ಹೊಸ ಕನ್ನಡಕ ಹಾಕಿಕೊಂಡು, ಕಂಪ್ಯೂಟರ್ ತೆರೆದು ನೋಡಿದಳು. ಪ್ರಿಂಟರಿಗೆ ಸಂಬಂಧಪಟ್ಟದ್ದು ಎಂಬ ಹೆಸರಿನಲ್ಲಿ ಒಂದು ಪ್ರೋಗ್ರಾಂ ಕೂತಿತ್ತು. ಮನೆಯಲ್ಲಿ ಪ್ರಿಂಟರೇ ಇರಲಿಲ್ಲ. ವೈರಸ್ ಹುಡುಕುವ ಪ್ರೋಗ್ರಾಂಗೆ "ಇದನ್ನ ಮುಟ್ಟಬೇಡ" ಎಂದು ಯಾರೋ ಹೇಳಿಟ್ಟಿದ್ದರು. ಮನೆಕಾವಲಿನ ನಾಯಿಗೆ ಕಳ್ಳನೇ ಬಿಸ್ಕತ್ತು ಹಾಕಿ ಪಳಗಿಸಿದ ಹಾಗೆ. ಅದು ತೆಗೆದ ಪರದೆಯ ಫೋಟೋಗಳು ಒಂದು ಫೋಲ್ಡರಿನಲ್ಲಿ ರಾಶಿ ಬಿದ್ದಿದ್ದವು. ಅರ್ಧ ಬರೆದ ಮೂಲಂಗಿ. ಪೂರ್ತಿಯಾದ ಮೂಲಂಗಿ. ವಕೀಲರಿಗೆ ಬರೆದ ಕಾಗದ. ಹಳದಿ ಗೋಡೆಯ ಕೋಣೆ. ಇನ್ನೂ ಹಿಂದೆ ಹೋದರೆ, ಗಂಡನ ಮನೆಯಲ್ಲಿದ್ದಾಗ ಅವಳು ಹುಡುಕುವ ಜಾಗದಲ್ಲಿ ಟೈಪ್ ಮಾಡಿದ್ದ ಒಂದು ಪ್ರಶ್ನೆ: "ಹೊಡೆಯದ ಗಂಡನನ್ನು ಬಿಡುವುದು ತಪ್ಪೇ?"

ಗುಬ್ಬಿ ಆ ಸಾಲನ್ನು ನೋಡುತ್ತ ನಿಂತಳು. "ಆ ದಿನ ಅವನು ನಂಗೆ ಚಾಕೊಲೇಟ್ ತಂದ್ಕೊಟ್ಟ," ಎಂದಳು. "ಯಾಕೆ ಅಂತ ಆಗ ಗೊತ್ತಾಗ್ಲಿಲ್ಲ."

ನಕಲು ತೆಗೆದುಕೊಂಡಾಯಿತು. ನ್ಯಾಯಾಲಯ, ಅವನು ಅವಳ ಹತ್ತಿರ ಸುಳಿಯಕೂಡದು, ಯಾವ ಯಂತ್ರದ ಮೂಲಕವೂ ಹಿಂಬಾಲಿಸಕೂಡದು ಎಂದು ಆದೇಶ ಮಾಡಿತು. ವಿಚಾರಣೆಗೆ ಕರೆದಾಗ ಅಧಿಕಾರಿ ಇನ್ನೂ ಕಂಪ್ಯೂಟರಿನ ಮಾತೇ ಎತ್ತಿರಲಿಲ್ಲವಂತೆ, ಅವನಾಗಿಯೇ "ಆ ಪ್ರೋಗ್ರಾಂ ನಾನು ಹಾಕಿದ್ದಲ್ಲ" ಎಂದನಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ. ಆಮೇಲೆ "ಕಾಳಜಿಯಿಂದ ಹಾಕಿದೆ" ಎಂದನಂತೆ. ಮೊಕದ್ದಮೆ ಇನ್ನೂ ನಡೆಯುತ್ತಿದೆ.

ಅದಾದ ಮೇಲೆಯೇ ರಿಪೇರಿಯಾಕೆ ಕಂಪ್ಯೂಟರನ್ನು ಪೂರ್ತಿ ಒರೆಸಿ ಹಾಕಿದಳು. ಗುಬ್ಬಿಯ ಚಿತ್ರಗಳನ್ನು ಬಿಟ್ಟು ಹಳೆಯದು ಏನನ್ನೂ ಉಳಿಸಲಿಲ್ಲ. ಎಲ್ಲವನ್ನೂ ಹೊಸದಾಗಿ ಹಾಕಿದಳು. ದಿನದ ಕೆಲಸಕ್ಕೆ ಬೇರೆ ಖಾತೆ ಮಾಡಿಕೊಟ್ಟಳು, ಅದರಿಂದ ಹೊಸ ಪ್ರೋಗ್ರಾಂ ಹಾಕಲು ಆಗದು. "ಹಾಕಬೇಕು ಅನ್ಸಿದ್ರೆ ಇನ್ನೊಂದು ಪಾಸ್‌ವರ್ಡ್ ಕೇಳುತ್ತೆ. ಆಗ ಒಂದು ನಿಮಿಷ ಯೋಚ್ನೆ ಮಾಡಿ, ಇದು ಯಾರದ್ದು, ಎಲ್ಲಿಂದ ಬಂತು ಅಂತ. ಬಿಟ್ಟಿ ಸಿಕ್ಕಿತು ಅಂತ ಹೊಸ ಅಕ್ಷರದ ಫಾಂಟು, ಆಟ, ಏನೂ ಇಳಿಸ್ಕೋಬೇಡಿ. ಎಲ್ಲರಿಗೂ ಗಂಡಂದಿರೇ ಹಾಕಲ್ಲ ಇದನ್ನ. ಬಹಳ ಜನ ತಾವೇ ಬಾಗಿಲು ತೆರೆದು ಒಳಗೆ ಕರ್ಕೋತಾರೆ." ಅಪ್‌ಡೇಟ್ ಕೇಳಿದಾಗಲೆಲ್ಲ ನಾಳೆ ಎಂದು ತಳ್ಳಬಾರದು, ಎದ್ದು ಹೋಗುವಾಗ ಪರದೆಗೆ ಬೀಗ ಹಾಕಬೇಕು ಎಂದಳು. ಪಾಸ್‌ವರ್ಡ್‌ಗಳನ್ನು ಮತ್ತೆ ಬದಲಾಯಿಸಿದರು, ಈ ಸಲ ಅಕ್ಕನ ಅಂಗಡಿಯ ಕಂಪ್ಯೂಟರಿನಲ್ಲಿ. ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಅಂಕಿಯನ್ನೂ ಕೊಡಬೇಕಾದ ವ್ಯವಸ್ಥೆ ಮಾಡಿದರು.

ಅಂಗಡಿಯ ಕಂಪ್ಯೂಟರ್ ನೋಡಿ ರಿಪೇರಿಯಾಕೆ ತಲೆ ಚಚ್ಚಿಕೊಂಡಳು. ಪರದೆಯ ಅಂಚಿಗೆ ಅಕ್ಕ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿದ್ದಳು, ಗಿರಾಕಿಗಳು ಕಣ್ಣು ಪರೀಕ್ಷೆಗೆ ಕೂರುವ ಕುರ್ಚಿಯ ನೇರಕ್ಕೆ.

"ಓದೋಕೆ ಬರೋರು ಇಲ್ಲಿಗೆ ಬರಲ್ಲ. ಬರೋರಿಗೆ ಕಣ್ಣು ಕಾಣಲ್ಲ," ಎಂದಳು ಅಕ್ಕ.

"ನಿಮ್ಮ ಕನ್ನಡಕ ಹಾಕ್ಕೊಂಡ ಮೇಲೆ ಕಾಣುತ್ತಲ್ಲ ಮೇಡಂ," ಎಂದು ಆಕೆ ಚೀಟಿ ಕಿತ್ತಳು.

ಅಕ್ಕ ಡ್ರಾಯರಿನಿಂದ ಅಮ್ಮನ ಫೋನು ತೆಗೆದುಕೊಂಡು ಮೇಲೆ ಹೋದಳು. ಏನು ಹೇಳಬೇಕೆಂದು ಮೆಟ್ಟಿಲ ಮೇಲೆ ಜೋಡಿಸಿಕೊಂಡಿದ್ದ ಮಾತೆಲ್ಲ ಅಮ್ಮನ ಮುಖ ಕಂಡೊಡನೆ ಚದುರಿದವು. "ತಪ್ಪಾಯ್ತಮ್ಮಾ," ಎಂದಷ್ಟೇ ಹೇಳಿ ಫೋನನ್ನು ಅವಳ ಮಡಿಲಿಗಿಟ್ಟಳು.

"ಆಯ್ತು ಬಿಡು," ಎಂದಳು ಅಮ್ಮ. ಫೋನನ್ನು ಸೆರಗಂಚಿನಿಂದ ಒರೆಸುತ್ತ ಮತ್ತೆ ಹೇಳಿದಳು: "ನೀನು ಕೇಳಿದ್ದಕ್ಕೆ ನಂಗೆ ಸಿಟ್ಟಿಲ್ಲ ಕಣೇ. ಕೇಳ್ಬೇಕಾದ್ದೇ. ನಾನು ಹೇಳಿದ ಉತ್ತರ ನಿನ್ನ ಕಿವಿಗೇ ಬೀಳ್ಲಿಲ್ಲವಲ್ಲ, ಅದಕ್ಕೆ. ಕಿವಿಯ ಯಂತ್ರ ಇರೋದು ನಂಗೆ."

ಆ ದಿನದಿಂದ ಅಮ್ಮ ಮತ್ತೆ ಮೇಜಿಗೆ ಬಂದು ಕೂತು ಉಂಡಳು. ಆದರೆ ಮುನಿಸು ಪೂರ್ತಿ ಇಳಿಯಲು ಇನ್ನೂ ಕೆಲವು ವಾರ ಹಿಡಿಯಿತು. ಅಕ್ಕನ ತಟ್ಟೆಗೆ ಬಡಿಸುವಾಗ ಸೌಟು ಸ್ವಲ್ಪ ಜೋರಾಗಿಯೇ ಸದ್ದು ಮಾಡುತ್ತಿತ್ತು.

ಗುಬ್ಬಿಗೆ ಕೋಣೆ ಸಿಕ್ಕಿತು. ಕಿಟಕಿಯಿಂದ ದಪ್ಪ ಕಾಂಡದ ಒಂದು ಮರ ಕಾಣುವ, ರಸ್ತೆಗೆ ಬೆನ್ನು ಮಾಡಿದ ಕೋಣೆ. ಮುಂಗಡ ಕೊಟ್ಟು ಬಂದವಳು ಅಂಗಡಿಯ ಮುಂದೆ ಹಾದು, ಒಳಗೆ ಬಾರದೆ ಸೀದಾ ಮೇಲೆ ಹೋದಳು. ಅಮ್ಮ ನೂಲು ಸುತ್ತುತ್ತಿದ್ದಳು.

"ನಂಗೆ ಹೇಳ್ಬೇಡ ಮಗಾ," ಎಂದಳು ಅಮ್ಮ, ಅವಳ ಮುಖ ನೋಡುತ್ತಲೇ. "ಗೊತ್ತಿಲ್ದಿದ್ರೆ ನನ್ನ ಬಾಯಿಂದ ಬರೋ ಹಾಗೇ ಇಲ್ಲ."

ಗುಬ್ಬಿ ಪಕ್ಕದಲ್ಲಿ ಕೂತು, ಬೀದಿಯ ಹೆಸರು, ಮನೆಯ ಸಂಖ್ಯೆ, ಎಷ್ಟನೆಯ ಮಹಡಿ, ಯಾವ ಬಾಗಿಲು, ಎಲ್ಲವನ್ನೂ ಅಮ್ಮನ ಕಿವಿಯಲ್ಲಿ ಹೇಳಿದಳು. ಕೇಳಿಸಿತೇ ಎಂದು ಎರಡೆರಡು ಸಲ ಕೇಳಿದಳು. ಅಕ್ಕನಿಗೆ ಅದು ಗೊತ್ತಾದದ್ದು ರಾತ್ರಿಯ ಊಟದ ಹೊತ್ತಿಗೆ, ಎಲ್ಲರಿಗಿಂತ ಕೊನೆಗೆ. ಅವಳು ಸಾಮಾನು ಸಾಗಿಸಲು ಗಾಡಿ ಯಾವಾಗ ಬೇಕು ಎಂದಷ್ಟೇ ಕೇಳಿದಳು.